ಉಸಿರು ತೆಗೆದುಕೊಳ್ಳುವ ಜಾಗ

ನಮ್ಮ ಯಜಮಾನರು ಹೋಗಿ ಎಂಟು ತಿಂಗಳಾಯಿತು. ಅವರ ಹಾರ್ಮೋನಿಯಂ ಇಟ್ಟ ಕಡೆಯೇ ಇದೆ. ಧೂಳು ಒರೆಸುತ್ತೇನೆ, ತೆರೆಯುವುದಿಲ್ಲ.

ನಾನು ಯಡಿಯೂರಿನವಳು. ಅರವತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಜಯನಗರಕ್ಕೆ ಬಂದೆ. ನಡೆದರೆ ಅರ್ಧ ಗಂಟೆಯ ದಾರಿ, ಆದರೂ ಬೇರೆ ಊರಿಗೆ ಬಂದ ಹಾಗಿತ್ತು. ನನಗೆ ಬರುತ್ತಿದ್ದದ್ದು ಅವ್ವ ರಾಗಿ ಬೀಸುವಾಗ ಹೇಳುತ್ತಿದ್ದ ಪದಗಳು ಮಾತ್ರ. ಬಂದ ವಾರದಲ್ಲೇ ಹಿತ್ತಲಲ್ಲಿ ಕಲ್ಲು ತಿರುಗಿಸುತ್ತಾ ಹಾಡಿದೆ. ಅತ್ತೆ ಬಂದು, "ಇಲ್ಲಿ ಮಿಲ್ಲಿದೆ ಕಣಮ್ಮ. ಪಕ್ಕದ ಮನೆಯವರು ಏನಂದ್ಕೋತಾರೆ?" ಅಂದರು. ಬೈದದ್ದೇನೂ ಅಲ್ಲ. ನಾನೇ ಬಾಯಿ ಮುಚ್ಚಿಕೊಂಡೆ. ಎರಡು ವರ್ಷ ಹಾಡಲಿಲ್ಲ.

ಯಜಮಾನರಿಗೆ ನಾಟಕದ ಹಾಡುಗಳ ಹುಚ್ಚು. ಆಫೀಸಿನಿಂದ ಬಂದು ಕಾಫಿ ಕುಡಿದು ಹಾರ್ಮೋನಿಯಂ ಮುಂದೆ ಕೂತರೆ ರಾಜನೂ ಅವರೇ, ರಾಣಿಯೂ ಅವರೇ. ಒಂದು ಸಾಲು ಮುಗಿದ ಕೂಡಲೇ ಉತ್ತರ ಕೊಟ್ಟ ಹಾಗೆ ಪೆಟ್ಟಿಗೆ ನುಡಿಯುತ್ತಿತ್ತು. ಬಾಗಿಲ ಹಿಂದೆ ನಿಂತು ಕೇಳಿ ಕೇಳಿ ನನಗೂ ಅದು ಹಿಡಿಸಿತು.

ನಾದಿನಿಯ ಮದುವೆ ನಿಶ್ಚಯವಾಯಿತು. ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಹೆಂಗಸರು ಹಾಡಬೇಕು. "ಅತ್ತಿಗೆ, ನಿಮ್ಮವ್ವನ ಪದ ಒಂದು ಹೇಳಿ" ಅಂದಳು. ಅವ್ವ ತೀರಿಕೊಂಡು ಆಗ ಒಂದು ವರ್ಷ. ಅವಳ ಧಾಟಿ ಒಂದಾದರೂ ಈ ಮನೆಯಲ್ಲಿ ಕೇಳಬೇಕೆಂದು ನನಗೆ ಆಸೆ, ಎಲ್ಲಿ ನಗುತ್ತಾರೋ ಎಂದು ಹೆದರಿಕೆ. ಯಜಮಾನರಿಗೆ ಹೇಳಿದೆ.

"ಪದ ನಿಂದು, ಪೆಟ್ಟಿಗೆ ನಂದು. ಹೊಸದೊಂದು ಕಟ್ಟೋಣ" ಅಂದರು.

ಮಾತು ನಾನೇ ಜೋಡಿಸಿದೆ:

ಕೆರೆ ಏರಿ ಮ್ಯಾಲೆ ನಡೆದೀಯ ನಾದಿನಿ
ತಿರುಗಿ ನೋಡವ್ವ ಒಂದು ಸಲ

ಧಾಟಿ ಅವ್ವನದು, ನಡುನಡುವೆ ನಾಟಕದ ರೀತಿಯ ಹಾರ್ಮೋನಿಯಂ. ಆದರೆ ಹಾಡು ಕುಂಟುತ್ತಿತ್ತು. ಮೂರು ಸಂಜೆ ಕೂತೆವು. "ತಾಳ ತಪ್ತೀಯ" ಅಂತ ಅವರು, "ನೀವೇ ಅವಸರ ಮಾಡ್ತೀರಿ" ಅಂತ ನಾನು.

ಭಾನುವಾರ ಅವರು ಹಿತ್ತಲಿಗೆ ಹೋಗಿ ಬೀಸೋ ಕಲ್ಲಿನ ಮೇಲಿದ್ದ ಹಳೇ ಗೋಣಿಚೀಲ ತೆಗೆದರು. ನನ್ನನ್ನು ಕರೆದು ಕೂರಿಸಿ, ಎದುರು ತಾವು ಕೂತು, ಗೂಟದ ಮೇಲೆ ನನ್ನ ಕೈ ಪಕ್ಕ ಕೈಯಿಟ್ಟು, "ಈಗ ಹಾಡು" ಅಂದರು. ಅತ್ತೆ ಅಡುಗೆಮನೆಯಿಂದಲೇ, "ಮಿಲ್ಲಿನವನು ಇನ್ನು ಬಾಗಿಲು ಹಾಕ್ಕೋಬೇಕು ಬಿಡು" ಅಂದರು. ಸ್ವಲ್ಪ ಹೊತ್ತಿಗೇ ಯಜಮಾನರ ಅಂಗೈ ಕೆಂಪಗಾಯಿತು. ಆಮೇಲೆ ಕಲ್ಲು ನಿಲ್ಲಿಸಿ, "ನೀನು ಸಾಲಿನ ಕೊನೇಲಿ ಉಸಿರು ತಗೊಳ್ಳೋದೇ ಇಲ್ಲ. ಗೂಟ ಎದೆ ಹತ್ರ ಬಂದಾಗ ತಗೋತೀಯ, ಅದು ಮಾತಿನ ಮಧ್ಯ ಆದ್ರೂ ಸರಿ. ನಾನು ನುಡಿಸಬೇಕಾದ್ದು ಅಲ್ಲಿ" ಅಂದರು. ಹುಟ್ಟಿದಾಗಿನಿಂದ ಹಾಡಿದ ನನಗೇ ಅದು ಗೊತ್ತಿರಲಿಲ್ಲ.

ಶಾಸ್ತ್ರದ ದಿನ ಅವರು ಹೆಂಗಸರ ಪಕ್ಕ ಹೊಸ್ತಿಲ ಬಳಿ ಹಾರ್ಮೋನಿಯಂ ಇಟ್ಟುಕೊಂಡು ಕೂತರು.

"ಗಂಡಸರಿಗೇನಪ್ಪ ಇಲ್ಲಿ ಕೆಲಸ? ಒನಕೆ ಕೊಡ್ಲಾ?" ಅಂತ ಅವರ ಚಿಕ್ಕಮ್ಮ ಕೇಳಿದರು.

"ಕೊಡಿ ಚಿಕ್ಕಮ್ಮ. ಕಲ್ಲು ಆಯ್ತು, ಅದೊಂದು ಬಾಕಿ."

ಎಲ್ಲರೂ ನಕ್ಕರು. ಆ ನಗುವಿನಲ್ಲೇ ನಾನು ಹಾಡು ಎತ್ತಿಕೊಂಡೆ. ನನಗೆ ಉಸಿರು ಬೇಕಾದ ಕಡೆಯೆಲ್ಲ ಪೆಟ್ಟಿಗೆ ನುಡಿಯಿತು. ಎರಡನೇ ನುಡಿಗೆ ಬರುವಾಗ ಅತ್ತೆಯ ಒನಕೆ ಹಾಡಿನ ಜೊತೆಗೇ ಬೀಳುತ್ತಿತ್ತು. ಮುಗಿದ ಮೇಲೆ ಅತ್ತೆ ನನ್ನ ಕಡೆ ನೋಡದೆ, "ಇನ್ನೊಂದು ಸಲ ಹೇಳು" ಅಂದರು.

ಹೋದ ವಾರ ನಾದಿನಿ ಬಂದಿದ್ದಳು. ಅವಳಿಗೂ ಈಗ ತಲೆ ಪೂರ್ತಿ ಬಿಳಿ. ಆ ಹಾಡು ಹೇಳಿ ಅಂದಳು. "ನುಡಿಸೋರು ಯಾರಿದ್ದಾರೆ?" ಅಂದೆ.

"ಅಣ್ಣ ನುಡಿಸೋ ಕಡೆ ಸುಮ್ಮನಿರಿ ಅತ್ತಿಗೆ. ನಾನು ಕಾಯ್ತೀನಿ."

ಹಾಡಿದೆ. ಅವರು ನುಡಿಸುತ್ತಿದ್ದಷ್ಟು ಹೊತ್ತು ನಿಂತು, ಮುಂದಿನ ಮಾತು ಎತ್ತಿಕೊಂಡೆ. ನಾದಿನಿ ಮಂಡಿಯ ಮೇಲೆ ಬೆರಳಾಡಿಸುತ್ತಾ ಕಾದಳು. ಧ್ವನಿ ಮೊದಲಿನ ಹಾಗೆ ಇಲ್ಲ. ಆದರೆ ಕೊನೆಯ ಸಾಲಿನವರೆಗೂ ಉಸಿರು ಸಾಲದೆ ಹೋಗಲಿಲ್ಲ.