ಬೋಳು ಬದಿ ಬೀದಿಗೆ

ನಮ್ಮೂರಿನ ಬುರ್ಗಕ್ಕ ಕ್ರಿಸ್‌ಮಸ್ ಮರ ಮಾರುವುದನ್ನು ನೋಡಿದರೆ, ಈಕೆಗೆ ವ್ಯಾಪಾರ ಮಾಡುವ ಮನಸ್ಸೇ ಇಲ್ಲವೇನೋ ಅನ್ನಿಸುತ್ತದೆ. ಡಿಸೆಂಬರ್ ಬಂತೆಂದರೆ ಕಣಜದ ಮುಂದೆ ಫರ್ ಮರಗಳನ್ನು ಸಾಲಾಗಿ ನಿಲ್ಲಿಸುತ್ತಾಳೆ, ಆದರೆ ಪ್ರತಿ ಮರದ ಬೋಳು ಬದಿಯನ್ನು ಬೀದಿಗೆ ತಿರುಗಿಸಿ. ರೆಂಬೆ ಮುರಿದದ್ದು, ಜಿಂಕೆ ಮೇಯ್ದದ್ದು, ನಡು ಬಾಗಿದ್ದು, ಎಲ್ಲವೂ ಕೊಳ್ಳುವವರ ಕಣ್ಣಿಗೆ ಮೊದಲು ಬೀಳಬೇಕು. ಸ್ಟಟ್‌ಗಾರ್ಟ್ ನಗರದ ಕಡೆಯ ಕಾರುಗಳು ನಿಧಾನ ಮಾಡಿ, ನೋಡಿ, ಮುಂದೆ ಹೋಗುತ್ತವೆ. ಹೋದರೆ ಹೋಗಲಿ. ಊರಿನವರು ಮಾತ್ರ ಬೇರೆಲ್ಲೂ ಮರ ಕೊಳ್ಳುವುದಿಲ್ಲ.

"ಚೆಂದದ ಬದಿ ಮನೇಗೆ ಹೋದ್ಮೇಲೆ ಕಾಣತ್ತಲ್ಲ, ಆಗ ಖುಷಿಪಡಿ," ಎನ್ನುತ್ತಾಳೆ.

ಚರ್ಚಿನ ದಾಖಲೆಯಲ್ಲಿ ಆಕೆಯ ಪೂರ್ತಿ ಹೆಸರು ನೋಟ್‌ಬುರ್ಗಾ ಹೇಗೆಲೆ. ಗಂಡ ತೀರಿಕೊಂಡಾಗ ಗುಡ್ಡದ ಮೇಲಿನ ತೋಪನ್ನು ಮಾರಿಬಿಡು ಎಂದು ಬುದ್ಧಿ ಹೇಳಲು ಬಂದವರಿಗೆ ಕಾಫಿ ಕೊಟ್ಟು ಕಳಿಸಿದಳು. ಆಮೇಲೆ ಸಸಿ ನೆಡುವುದರಿಂದ ಗರಗಸ ಹಿಡಿಯುವ ತನಕ ಎಲ್ಲ ಒಬ್ಬಳೇ. ಧ್ವನಿ ದೊಡ್ಡದು, ಮಾತು ಒರಟು. ನನಗೆ ಆಕೆಯ ಮೇಲೆ ಎಷ್ಟು ಅಭಿಮಾನವೆಂದರೆ, ಯಾರಾದರೂ ಆಕೆಯನ್ನು ಆಡಿಕೊಂಡರೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಕ್ರಿಸ್‌ಮಸ್ಸಿನ ಮಾರನೆಯ ದಿನ ನಮ್ಮಲ್ಲಿ ಮರ ಹೊಗಳುವ ಹಬ್ಬ. ಗುಂಪು ಕಟ್ಟಿಕೊಂಡು ಮನೆಮನೆಗೆ ಹೋಗಿ, ಮರದ ಮುಂದೆ ನಿಂತು, "ಆಹಾ, ಎಂಥಾ ಚೆಂದದ ಮರ," ಅನ್ನಬೇಕು. ಅಂದ ಕೂಡಲೇ ಮನೆಯವರು ಒಂದು ಪುಟ್ಟ ಲೋಟ ಚೆರಿಹಣ್ಣಿನ ಸಾರಾಯಿ ಕೊಡಲೇಬೇಕು. ಮರ ಪೊರಕೆಯ ಹಾಗಿದ್ದರೂ ಹೊಗಳಿಕೆ ತಪ್ಪುವುದಿಲ್ಲ. ನಾಲ್ಕು ಮನೆ ದಾಟಿದ ಮೇಲೆ ಎಲ್ಲ ಮರಗಳೂ ನಿಜವಾಗಿಯೇ ಚೆಂದ ಕಾಣುತ್ತವೆ. ಬುರ್ಗಕ್ಕ ಮಾತ್ರ ಈ ಮೆರವಣಿಗೆಗೆ ಬಂದವಳೇ ಅಲ್ಲ. ಕರೆದರೆ, "ಸುಳ್ಳು ಹೇಳಿ ಕುಡಿಯೋ ಗತಿ ನಂಗೆ ಬಂದಿಲ್ಲ," ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ.

ಹೋದ ವರ್ಷ ನಮ್ಮಣ್ಣ ವೆಂಡೆಲಿನ್ ಊರಿನ ವಾದ್ಯಮೇಳದ ಯಜಮಾನನಾದ. ಮೇಳದ ಮೆರವಣಿಗೆ ಮುಗಿಯುವುದೇ ಯಜಮಾನನ ಮನೆಯಲ್ಲಿ. ಹೊಸ ಯಜಮಾನನ ಮೊದಲ ಮರದ ಬಗ್ಗೆ ಊರು ವರ್ಷವಿಡೀ ಮಾತಾಡುತ್ತದೆ. ಅಣ್ಣನಿಗೆ ನವೆಂಬರಿನಿಂದಲೇ ನಿದ್ದೆ ಇಲ್ಲ. ಕ್ರಿಸ್‌ಮಸ್ ಹತ್ತಿರ ಬಂದಾಗ, ಮೇಳದಲ್ಲಿ ಕ್ಲಾರಿನೆಟ್ ಊದುವ ನನ್ನನ್ನೂ ಎಳೆದುಕೊಂಡು ಬುರ್ಗಕ್ಕನ ಅಂಗಳಕ್ಕೆ ಹೋದ.

"ಕರೆಂಟಿನ ದೀಪ ಹಾಕ್ತೀಯೋ, ಮೇಣದ ಬತ್ತಿಯೋ?" ಎಂದಳು ಬುರ್ಗಕ್ಕ. ಎಲ್ಲರಿಗೂ ಆಕೆಯ ಮೊದಲ ಪ್ರಶ್ನೆ ಇದೇ.

"ಬತ್ತಿನೇ ಬುರ್ಗಕ್ಕ. ನಮ್ಮಪ್ಪನ ಕಾಲದಿಂದ ಹಂಗೇ."

"ಹಂಗಾದ್ರೆ ಈ ವಾರ ಕಡಿದದ್ದೇ ಆಗಬೇಕು. ಒಣಗಿದ್ದಾದ್ರೆ ಒಂದು ಕಿಡಿ ತಾಗಿದ್ರೂ ಧಗ್ಗಂತ ಹತ್ತಿಕೊಳ್ಳತ್ತೆ," ಎಂದು ಕಣಜದ ಒಳಕ್ಕೆ ಹೋಗಿ ಒಂದು ಮರ ತಂದಳು. ಸುತ್ತ ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು.

"ಇದರಲ್ಲೇನು ಕೊರತೆ?" ಅಣ್ಣ ಕೇಳಿದ.

"ಏನೂ ಕಾಣ್ತಿಲ್ಲ," ಎಂದಳು ಬುರ್ಗಕ್ಕ, ತುಸು ಬೇಜಾರಿನಿಂದಲೇ. "ಧೈರ್ಯವಾಗಿ ಬತ್ತಿ ಹಚ್ಚು. ನನ್ನ ಮಾತಿದು."

ಆಕೆಯ ಬಾಯಲ್ಲಿ ಅಂಥ ಮಾತು ಬಂದದ್ದನ್ನು ಊರು ಕೇಳಿರಲಿಲ್ಲ. ಅಣ್ಣ ಬೇಕರಿಯಲ್ಲಿ, ಚರ್ಚಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ ಅದನ್ನೇ ಹೇಳಿದ. ನನಗೂ ಹೆಮ್ಮೆಯೇ, ಸುಳ್ಳೇಕೆ.

ಹಬ್ಬದ ದಿನ ಮೇಳ ಕೊನೆಯ ಬೀದಿಗೆ ಬರುವ ಹೊತ್ತಿಗೆ ಅಣ್ಣನೂ ನಾನೂ ಮುಂಚೆಯೇ ಮನೆಗೆ ಓಡಿ ಬಂದೆವು. ಮರ ಸೂರಿನ ತನಕ ನಿಂತಿತ್ತು. ಅಣ್ಣ ಕಡ್ಡಿ ಗೀರಬೇಕು ಅನ್ನುವಷ್ಟರಲ್ಲಿ ಬಾಗಿಲು ಬಡಿಯದೆ ಬುರ್ಗಕ್ಕ ಒಳಗೆ ಬಂದಳು.

"ಹಚ್ಚಬೇಡ ವೆಂಡೆಲಿನ್."

ಅಂಗಡಿ ಬೀದಿಯ ಅಲಂಕಾರಕ್ಕೆಂದು ನವೆಂಬರಿನ ಮೊದಲಲ್ಲೇ ಒಂದಷ್ಟು ಮರ ಕಡಿದು, ಬಲೆ ಸುತ್ತಿ, ಆಕೆ ಕಣಜದ ಎಡಗಡೆ ಇಟ್ಟಿದ್ದಳು. ಮನೆಗಳಿಗೆ ಕೊಡುವವು ಬಲಗಡೆ. ಅವತ್ತು ಕಣಜ ಗುಡಿಸುವಾಗ ಎಡಗಡೆ ಉಳಿದಿದ್ದ ಉದ್ದನೆಯ ಮರದ ಬುಡದಲ್ಲಿ ಹಸಿ ಅಂಟು ಕಂಡಿತಂತೆ, ಅಂದರೆ ಬಲಗಡೆ ಇರಬೇಕಾದ ಹೊಸ ಮರ ಎಡಕ್ಕೆ ಸೇರಿಹೋಗಿತ್ತು. ಹಾಗಾದರೆ ಅದರ ಜಾಗದಲ್ಲಿ ಹೋದ ಹಳೆಯದು ಯಾವುದು? ಅಷ್ಟು ಉದ್ದದ ಮರ ಕೊಂಡವನು ವೆಂಡೆಲಿನ್ ಒಬ್ಬನೇ.

ಬುರ್ಗಕ್ಕ ನಮ್ಮ ಮರದ ಒಳಗೆ ಕೈ ತೂರಿಸಿ ಒಂದು ಕಡ್ಡಿ ಬಗ್ಗಿಸಿದಳು. ಚಟ್ಟೆಂದು ಮುರಿಯಿತು. "ಫರ್ ಮರ ಒಣಗಿದ್ರೂ ಹಸಿರಾಗೇ ಇರತ್ತೆ. ಬಲೆ ಸುತ್ತಿದ್ದಕ್ಕೆ ಎಲೇನೂ ಉದುರಿರಲಿಲ್ಲ, ನಾನೂ ಮೋಸ ಹೋದೆ. ತಪ್ಪು ನಂದು. ಬದಲಿ ತಂದಿದೀನಿ."

ಅಂಗಳದ ಕೈಗಾಡಿಯಲ್ಲಿ ಒಂದು ಮರವಿತ್ತು. ಉಳಿದಿದ್ದ ಆ ಉದ್ದನೆಯ ಮರವೇ ಇರಬೇಕೆಂದು ಅಣ್ಣ ಓಡಿದ. ಅಲ್ಲ. ಆ ಮರದ ತುದಿಯನ್ನೂ ರೆಂಬೆಗಳನ್ನೂ ಇಲಿಗಳು ಕಡಿದು ಹಾಕಿದ್ದವಂತೆ. ಇದು ಬುರ್ಗಕ್ಕ ತನ್ನ ಮನೆಯೊಳಗಿಂದ ಎತ್ತಿ ತಂದದ್ದು. ಯಾರೂ ಕೊಳ್ಳದ ಮರವೇ ಪ್ರತಿ ವರ್ಷ ಆಕೆಯ ಪಾಲು. ನಡು ಸೊಟ್ಟ, ಒಂದು ಮಗ್ಗುಲು ಬೋಳು, ಆದರೆ ಹಸಿಮರ.

ಅಣ್ಣನ ಮುಖ ಇಳಿದುಹೋಯಿತು. ಬೀದಿಯಲ್ಲಿ ಕಹಳೆ ಕೇಳಿಸುತ್ತಿತ್ತು.

"ಬತ್ತಿ ಹಚ್ಚಲ್ಲ, ಆಯ್ತಾ?" ಎಂದ. "ಮರ ಹಂಗೇ ಇರಲಿ. ಯಾರಿಗೂ ಗೊತ್ತಾಗಲ್ಲ. ನಿಮ್ಮ ಮರ್ಯಾದೇನೂ ಉಳಿಯತ್ತೆ, ನಂದೂ ಉಳಿಯತ್ತೆ."

"ನೀನು ಹಚ್ಚದಿದ್ರೆ ನಿನ್ನಿಷ್ಟ. ಆದ್ರೆ ನಾನು ಮಾತು ಕೊಟ್ಟಿದ್ದು ಬತ್ತಿ ಹಚ್ಚಬಹುದಾದ ಮರಕ್ಕೆ."

ಅಣ್ಣ ಒಳಗೆ ಹೋಗಿ ಏಣಿ ತಂದ. ಮೇಳ ಬಾಗಿಲಿಗೆ ಬಂದೇಬಿಟ್ಟಿತು. ಎಲ್ಲರ ಕೆನ್ನೆ ಕೆಂಪಗೆ, ಬಾಯಿ ಹೊಗಳಿಕೆಗೆ ಸಿದ್ಧ. ಅಷ್ಟರಲ್ಲಿ ಅಣ್ಣ ಏಣಿ ಹತ್ತಿ ತುದಿಯ ನಕ್ಷತ್ರ ಬಿಚ್ಚತೊಡಗಿದ.

"ಇದೇನಯ್ಯಾ, ಹೊಗಳೋ ಮೊದಲೇ ಬಿಚ್ತಿದೀಯ?" ಎಂದ ಟ್ಯೂಬಾ ಎಂಬ ದೊಡ್ಡ ಕಹಳೆ ಊದುವ ಕಿಲಿಯಾನ್.

ಅಣ್ಣ ಬಾಯಿ ತೆರೆಯುವ ಮೊದಲೇ ಬುರ್ಗಕ್ಕ ಅಷ್ಟೂ ಜನರ ಮುಂದೆ ದೊಡ್ಡ ಧ್ವನಿಯಲ್ಲಿ ಹೇಳಿದಳು: "ನಾನು ಒಣಗಿದ ಮರ ಕೊಟ್ಟಿದ್ದೆ. ವಾಪಸ್ ತಗೋತಿದೀನಿ."

ಮರದ ಮುಂದೆ ನಿಜ ಹೇಳಿ ಅಭ್ಯಾಸವಿಲ್ಲದ ಜನ ನಾವು. ಆಮೇಲೆ ಕಿಲಿಯಾನ್ ಟ್ಯೂಬಾವನ್ನು ಸೋಫಾದ ಮೇಲೆ ಮಲಗಿಸಿ ಏಣಿ ಹಿಡಿದ. ಉಳಿದವರೂ ಕೈ ಹಾಕಿದರು. ಗಾಜಿನ ಗುಂಡುಗಳು, ಒಣಹುಲ್ಲಿನ ನಕ್ಷತ್ರಗಳು, ಬತ್ತಿಯ ಕ್ಲಿಪ್ಪುಗಳು ಎಲ್ಲ ಸೊಟ್ಟ ಮರಕ್ಕೆ ಬಂದವು. ಅಣ್ಣ ಒಂದೊಂದಾಗಿ ಬತ್ತಿ ಹಚ್ಚಿದ. ಇನ್ನು ಯಾರಾದರೂ ಹೊಗಳಬೇಕು. ಎಲ್ಲರೂ ನೋಡಿದ್ದು ಬುರ್ಗಕ್ಕನನ್ನು.

ಆಕೆ ಮರವನ್ನು ಒಂದು ಸುತ್ತು ಹಾಕಿದಳು. "ನಡು ಸೊಟ್ಟ. ಈ ಮಗ್ಗುಲಲ್ಲಿ ರೆಂಬೆ ಸಾಲದು. ಆದ್ರೆ ಬತ್ತಿ ಉರಿದು ಮುಗಿಯೋ ತನಕ ಇದರ ಕೆಳಗೆ ಮಕ್ಕಳನ್ನ ಮಲಗಿಸಬಹುದು."

ಅಣ್ಣ ಮೊದಲ ಲೋಟ ತುಂಬಿ ಆಕೆಯ ಮುಂದೆ ಹಿಡಿದ.

"ನಾನೇನೂ ಹೊಗಳಲಿಲ್ವಲ್ಲ," ಎಂದಳು.

"ಇವತ್ತು ಊರೆಲ್ಲ ಸುತ್ತಿ ಬಂದ್ವಿ ಬುರ್ಗಕ್ಕ," ಎಂದ ಅಣ್ಣ. "ಒಂದೊಂದು ಮನೇಲೂ ಬತ್ತಿ ಉರೀತಿತ್ತು. ಒಂದು ಮನೇಲೂ ಯಾರೂ ಬಕೆಟ್ಟಲ್ಲಿ ನೀರು ಇಟ್ಕೊಂಡಿರಲಿಲ್ಲ. ಯಾರ ಮೇಲಿನ ನಂಬಿಕೆ ಅದು? ಕುಡೀರಿ."

ಬುರ್ಗಕ್ಕ ಲೋಟ ತೆಗೆದುಕೊಂಡಳು. ಒಂದೇ ಗುಟುಕಿಗೆ ಮುಗಿಸಿ, ಮುಂಗೈಯಿಂದ ಕಣ್ಣೊರೆಸಿಕೊಂಡು, "ಸಾರಾಯಿ ಸುಮಾರಾಗಿದೆ," ಎಂದಳು. ಅಣ್ಣ ಇನ್ನೊಂದು ಲೋಟ ತುಂಬಿದ.