ಹನೂರು ಬಸ್ಸೂ ದೂರದ ಗುರಿಯೂ

ಮೊಮ್ಮಗಳು ಬಿಸಿನೆಸ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಾಳೆ. ಓದುವುದೆಂದರೆ ಇಡೀ ಬೀದಿಗೆ ಕೇಳುವಂತೆ ಉರು ಹೊಡೆಯುವುದು. ಮೊನ್ನೆ ನಾನು ಹುರುಳಿಕಾಳು ಆರಿಸುತ್ತಾ ಕೂತಿದ್ದೆ. ಅವಳ ಬಾಯಿಂದ 'ಸ್ಟ್ರಾಟೆಜಿ' ಅನ್ನುವ ಮಾತು ಬಿತ್ತು ನೋಡಿ, ನನ್ನ ಕೈ ಮೊರದ ಮೇಲೇ ನಿಂತುಹೋಯಿತು.

ನಗಬೇಡಿ. ಎಸ್ಸೆಸ್ಸೆಲ್ಸಿ ಮುಟ್ಟದ ಈ ಮುದುಕಿಗೂ ಆ ಮಾತಿಗೂ ಎಲ್ಲಿಯ ನಂಟು ಅನ್ನುತ್ತೀರಿ. ನಮ್ಮ ಯಜಮಾನರು ಮೈಸೂರಿನಲ್ಲಿ ಬಿ.ಕಾಂ. ಮಾಡಿ ಬಂದು, ಕೊಳ್ಳೇಗಾಲದಲ್ಲಿ ಅಪ್ಪನ ಪುಟ್ಟ ರೇಷ್ಮೆಸೀರೆ ಅಂಗಡಿಯಲ್ಲಿ ಕೂತವರು. ಎಪ್ಪತ್ತರ ದಶಕದ ಮೊದಮೊದಲು. ಆಗ ಹಳ್ಳಿ ಹೆಂಗಸರು ಅಂಗಡಿ ಮೆಟ್ಟಿಲು ಹತ್ತುತ್ತಿದ್ದದ್ದು ಕಡಿಮೆ. ಮದುವೆ ಗೊತ್ತಾದ ಮನೆಗೆ ಸೀರೆಯ ಗಂಟೇ ಹೋಗಬೇಕು. ಗಂಟಿನ ಜೊತೆಗೆ ನಾನು. ಒಳಮನೆಯಲ್ಲಿ ಉಟ್ಟು ತೋರಿಸುವುದಕ್ಕೆ ಒಂದು ಹೆಣ್ಣು ಬೇಕಲ್ಲ!

ಧನಗೆರೆ, ಮಧುವನಹಳ್ಳಿ, ಯಳಂದೂರು, ಹನೂರು. ಅಪ್ಪ ಅಮ್ಮನ ಎದುರು ನನ್ನ ಜೊತೆ ತುಟಿ ಬಿಚ್ಚದ ಮನುಷ್ಯ ಬಸ್ಸು ಹತ್ತಿದರೆ ಸಾಕು, ಪಾಠ ಶುರು. ಒಬ್ಬ ಪಂಡಿತನ ಪ್ರಕಾರ, ದೂರದ ಗುರಿ ಗೊತ್ತುಮಾಡಿಕೊಂಡು ಅದಕ್ಕೆ ಬೇಕಾದ ದಾರಿ, ಬಂಡವಾಳ, ಜನ ಹೊಂದಿಸಿಕೊಳ್ಳುವುದೇ ಸ್ಟ್ರಾಟೆಜಿಯಂತೆ. ಇನ್ನೊಬ್ಬನ ಪ್ರಕಾರ, ನಮ್ಮ ಬಲಕ್ಕೂ ಹೊರಗಿನ ಪ್ರಪಂಚ ಕೇಳುವುದಕ್ಕೂ ತಾಳೆ ಹಾಕುವುದು.

"ಅಷ್ಟು ಜನ ಓದ್ದೋರು ಕೂತ್ಕಂಡು ಒಂದ್ಮಾತು ತೀರ್ಮಾನ ಮಾಡಕಾಗ್ನಿಲ್ವಾ?" ಅಂತ ನಾನು.

"ಸುಮ್ಕಿರು, ಕಂಡಕ್ಟರ್ ನಗ್ತಾವ್ನೆ."

ಹನೂರಿನ ಒಂದು ಮನೆಯಲ್ಲಿ ಮದುಮಗಳ ಅಜ್ಜಿ ನನಗೆ ಒಂದಾದಮೇಲೊಂದು ಸೀರೆ ಉಡಿಸಿ, ಸುತ್ತು ತಿರುಗಿಸಿ ನೋಡಿತು. "ನೀ ಉಟ್ರೆ ಎಲ್ಲಾ ಚೆಂದಾಗೇ ಕಾಣ್ತದೆ ಕಣವ್ವ, ನಮ್ ಐಕ್ಳಿಗೆ ಒಪ್ಬೇಕಲ್ಲಾ" ಅಂದು, ಜಗಲಿಯ ಮೇಲಿದ್ದ ಇವರನ್ನು ಕೂಗಿತು: "ಬನ್ನಿ ಸಾ, ನಿಮ್ಮೆಂಡ್ರ ಒಂದ್ಗಳಿಗೆ ನೋಡಿ!" ಇವರು ಬಂದು ಬಾಗಿಲಲ್ಲಿ ನಿಂತರು. ಎಲೆಹಸಿರು ಸೀರೆ, ಅರಿಶಿನದ ಅಂಚು. ಬೆಲೆ ಹೇಳುವುದನ್ನೇ ಮರೆತರು. ವಾಪಸ್ಸು ಬರುವಾಗ ಪಂಡಿತರ ಸುದ್ದಿಯೇ ಇಲ್ಲ. ಕಿಟಕಿಯಾಚೆ ನೋಡುತ್ತಾ ತಮ್ಮಷ್ಟಕ್ಕೆ ನಗುತ್ತಿದ್ದರು. ಅಯ್ಯೋ, ಈ ಬಸ್ಸು ಇಲ್ಲೇ ಕೆಟ್ಟು ನಿಲ್ಲಬಾರದೇ ಅಂತ ನಾನು ಬೇಡಿಕೊಳ್ಳುತ್ತಿದ್ದೆ.

ಆಮೇಲೆ ಇವರಿಗೆ ಗುರಿ ಸಿಕ್ಕಿತು. ಬಸ್ ಸ್ಟ್ಯಾಂಡಿನ ಹತ್ತಿರ ದೊಡ್ಡ ಅಂಗಡಿ, ಗಾಜಿನ ಬೀರು, ಸೀರೆ ಉಟ್ಟ ಬೊಂಬೆ. ಹಳ್ಳಿಯವರೇ ಇಳಿದು ಬರಬೇಕು.

"ಇನ್ಮೇಲೆ ನೀನು ಗಂಟು ಒತ್ಕಂಡು ಅಲೀಬೇಕಾಗಿಲ್ಲ. ಅದೇ ನನ್ ಗುರಿ" ಅಂದರು, ಮುಖ ಅರಳಿಸಿಕೊಂಡು.

"ನಂಗೇನ್ ಕಷ್ಟ ಇಲ್ಲ ಕಣ್ರೀ. ಬತ್ತೀನಿ."

"ನೀನು ಇಂಗೇ ಅಂತೀಯ ಅಂತ ಗೊತ್ತಿತ್ತು ಬುಡು."

ನಮ್ಮ ಕಡೆ ಹೆಣ್ಣುಮಕ್ಕಳು ಕಷ್ಟವಿದ್ದರೂ ಇಲ್ಲ ಅನ್ನುವುದೇ ರೂಢಿ. ನಾನು ನಿಜ ಹೇಳಿದ್ದೂ ಉಪಚಾರದ ಮಾತಾಗಿಹೋಯಿತು.

ಅಂಗಡಿ ಚೆನ್ನಾಗಿಯೇ ನಡೆಯಿತು, ಸುಳ್ಳು ಯಾಕೆ ಹೇಳಲಿ. ಪಂಡಿತರ ಮಾತು ಗೆದ್ದಿತು. ಬೊಂಬೆ ನನ್ನ ಕೆಲಸ ಮಾಡಿತು. ಇವರು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು, ಊಟ, ನಿದ್ದೆ. ನನಗೆ ಆ ಬೊಂಬೆಯ ಮೇಲೆ ಹೊಟ್ಟೆಕಿಚ್ಚು. ಥೂ, ಬೊಂಬೆಯ ಮೇಲೆ! ನನ್ನನ್ನು ಸುಖವಾಗಿಡಬೇಕೆಂದೇ ಜೀವಮಾನವೆಲ್ಲ ದುಡಿದು, ಇವರು ಹೋಗಿಬಿಟ್ಟರು.

ಮೊನ್ನೆ ನಾನು ಮೊರ ಹಿಡಿದು ಕೂತಿದ್ದಾಗ ಮೊಮ್ಮಗಳು ಓದಿದ್ದು ಇನ್ನೊಬ್ಬ ಪಂಡಿತನನ್ನು. ಸ್ಟ್ರಾಟೆಜಿ ಅಂದರೆ ಮೊದಲೇ ಕೂತು ಹಾಕಿದ ಯೋಜನೆಯೇ ಆಗಬೇಕಿಲ್ಲವಂತೆ. ದಿನದಿನ ಮಾಡುತ್ತಾ ಬಂದದ್ದರಲ್ಲಿ, ಹಿಂತಿರುಗಿ ನೋಡಿದಾಗ ಕಾಣುವ ಜಾಡೂ ಸ್ಟ್ರಾಟೆಜಿಯೇ ಅಂತೆ.

"ಇನ್ನೊಂದ್ಸಲ ಓದು" ಅಂದೆ. ಓದಿದಳು. ಇವರು ಬಸ್ಸಿನಲ್ಲಿ ಹೇಳಿದ್ದ ಪಾಠದಲ್ಲಿ ಈ ಮಾತು ಇರಲಿಲ್ಲ. ಇದ್ದಿದ್ದರೆ, ನಾವು ಹೋಗಬೇಕಾದ ಕಡೆಗೇ ಆ ಬಸ್ಸು ಹೋಗುತ್ತಿದೆ ಅಂತ ಇವರಿಗೂ ಹೊಳೆಯುತ್ತಿತ್ತೋ ಏನೋ.

"ಯಾಕಜ್ಜಿ, ಏನಾಯ್ತು? ಏನಾದ್ರೂ ಬೇಕಾ?"

ಏನೂ ಬೇಡ ಅನ್ನುವ ಮಾತು ಎಂದಿನಂತೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ನಿಮ್ ತಾತ ಬೇಕು ಕಣವ್ವ" ಅಂದೆ.