ಧೂಳಿನ ಡಾಕ್ಟರು ಅರ್ಧ ಕೊಯ್ತಾ ಆದದ್ದು

ನಾನು ಧೂಳಿನಲ್ಲಿ ಡಾಕ್ಟರೇಟ್ ಪಡೆದವನು. ಗಾಳಿಗೆ ಬಿಟ್ಟ ಒಂದು ಕಣ ಎತ್ತ ಹೋದೀತು, ಎಷ್ಟು ದೂರ ಅಲೆದೀತು ಎಂದು ಗುಲ್ಬರ್ಗದ ಒಂದು ಕತ್ತಲೆ ಕೋಣೆಯಲ್ಲಿ ಕುಳಿತು ವರ್ಷಗಟ್ಟಲೆ ಲೆಕ್ಕ ಹಾಕಿದೆ. ನನ್ನೂರು ಔರಾದಿಗೆ ಮರಳಿದ ಮೇಲೆ ತಿಳಿಯಿತು, ಧೂಳಿನ ವಿಷಯದಲ್ಲಿ ಇಲ್ಲಿ ಯಾರಿಗೂ ನನ್ನ ಸಹಾಯ ಬೇಕಿಲ್ಲ. ಎರಡು ಸಾವಿರದ ಮೂರರ ಬರದಲ್ಲಂತೂ ಸಂತಪುರ ಬಿಟ್ಟ ಬಸ್ಸು ಔರಾದ ಮುಟ್ಟುವಷ್ಟರಲ್ಲಿ ಕಂಡಕ್ಟರ್ ಯಾರು, ಕುಳಿತವರು ಯಾರು ಎಂದು ಗುರುತು ಹತ್ತದೆ ನಾವೇ ಒಬ್ಬರಿಗೊಬ್ಬರು ಟಿಕೀಟು ಹರಿದು ಕೊಡುತ್ತಿದ್ದೆವು.

ನನ್ನ ನೌಕರಿ ಭಾಲ್ಕಿಯ ಒಂದು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವುದು. ಆ ವರ್ಷ ಹುಡುಗರೆಲ್ಲ ಮನೆಯವರ ಹಿಂದೆ ಹೈದರಾಬಾದು, ಪುಣೆ ಎಂದು ದುಡಿಯಲು ಹೊರಟುಹೋಗಿ ತರಗತಿಯಲ್ಲಿ ಮೂವರು ಉಳಿದರು. ಒಬ್ಬ ನೆರಳಿಗೆಂದು ಬರುತ್ತಿದ್ದ. ಇನ್ನೊಬ್ಬನಿಗೆ ನಿದ್ದೆ ಬಾರದ ರೋಗವಿತ್ತು, ನನ್ನ ಪಾಠ ಕೇಳಲು ವೈದ್ಯರೇ ಹೇಳಿದ್ದರು. ಮೂರನೆಯವನು ನಾನು.

ಬೀದರಿನ ದತ್ತಾತ್ರಿ ನನ್ನ ಜೊತೆಗೆ ಅದೇ ಕತ್ತಲೆ ಕೋಣೆಯಲ್ಲಿ ಧೂಳಿನ ಲೆಕ್ಕ ಮಾಡಿದವನು. ಈಗ ಮುಂಬಯಿಯ ಒಂದು ಹಣಕಾಸಿನ ಕಂಪನಿ ಸೇರಿದ್ದ. ದಸರೆಗೆ ಊರಿಗೆ ಬಂದವನು ನನ್ನನ್ನು ಮನೆಗೆ ಕರೆಸಿಕೊಂಡು, ಬಜಾರಿನ ಬೆಲೆಗಳೂ ಗಾಳಿಯಲ್ಲಿನ ಕಣದ ಹಾಗೆಯೇ ಅಲೆಯುತ್ತವೆ, ಸಮೀಕರಣ ಒಂದೇ, ನಾಳೆ ಬೆಲೆ ಎಷ್ಟು ದಾರಿ ತಪ್ಪೀತೆಂದು ಅಂದಾಜು ಮಾಡುವವರು ಕಂಪನಿಗೆ ಬೇಕಾಗಿದ್ದಾರೆ ಎಂದ. ಅವನ ಮನೆಯ ಫೋನಿನಲ್ಲೇ ಸಂದರ್ಶನವಾಯಿತು. ಆ ಕಡೆಯ ಸಾಹೇಬರು ಹಣಕಾಸಿನ ಅನುಭವ ಏನಿದೆ ಎಂದು ಕೇಳಿದರು. ಪಗಾರವಾದ ದಿನ ಬೀದರದಿಂದ ಬೀಸುವ ಗಾಳಿಗಿಂತ ಬೇಗ ಅದು ನನ್ನ ಕೈಬಿಡುತ್ತದೆ, ಅಷ್ಟೇ ಅನುಭವ ಎಂದೆ. ಆಮೇಲೆ ಧೂಳಿನ ಬಗ್ಗೆ ಕೇಳಿದರು. ಜನ್ಮದಲ್ಲಿ ಮೊದಲ ಸಲ ಒಬ್ಬರು ಅದನ್ನು ಕೇಳಿದ್ದರಿಂದ ನಾನು ಎಷ್ಟು ಮಾತಾಡಿದೆನೆಂದರೆ, ದತ್ತಾತ್ರಿಯ ತಾಯಿ ಮೀರಾಬಾಯಿ ಬಿಸಿಯಾದ ಫೋನಿನ ಮೇಲೆ ಹಪ್ಪಳ ಸುಡುವ ಯೋಚನೆ ಮಾಡಿದ್ದರು. ಸಾಹೇಬರು ಕೆಲಸ ಕೊಟ್ಟರು. ಕೊಟ್ಟರೆ ಸುಮ್ಮನಾದಾನೆಂದು ಇರಬೇಕು.

ತೊಡಕು ಒಂದೇ, ನನ್ನ ಹೆಂಡತಿ ಜ್ಞಾನಮ್ಮ ಬರುತ್ತಾಳೋ ಇಲ್ಲವೋ. ಅವಳು ಔರಾದಿನ ಸರಕಾರಿ ದವಾಖಾನೆಯಲ್ಲಿ ನರ್ಸು. ಅವಳಿಲ್ಲದೆ ಬದುಕುವ ವಿದ್ಯೆಯನ್ನು ಯಾವ ಯೂನಿವರ್ಸಿಟಿಯೂ ನನಗೆ ಕಲಿಸಿರಲಿಲ್ಲ. ಒಮ್ಮೆ ನಾನು ಮಾಡಿದ ಚಹಾ ಕುಡಿದ ಬೆಕ್ಕು ಮನೆ ಬಿಟ್ಟು ಮಸೀದಿ ಓಣಿಗೆ ಹೋಗಿ ಸಂಸಾರ ಹೂಡಿತ್ತು. ಮುಂಬಯಿಯಲ್ಲಿ ಕೆಲಸವಿದೆ, ಬಾ ಎಂದು ದತ್ತಾತ್ರಿಯಿಂದ ಕರೆ ಬಂದ ದಿನವೇ ಅವಳನ್ನು ಕೇಳಿದ್ದೆ. "ಮೊದ್ಲ ಕೆಲ್ಸ ಆಗ್ಲಿ, ಆಮ್ಯಾಲ ನೋಡೋಣ್ರಿ" ಎಂದವಳು ಮತ್ತೆ ಆ ಮಾತೆತ್ತಿರಲಿಲ್ಲ. ಬೀದರದಿಂದ ಮರಳುವಾಗ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಅವಳು ಬರುವ ಸಂಭವ ನೂರಕ್ಕೆ ತೊಂಬತ್ತೆರಡು. ಹೊಸ ವೃತ್ತಿಯಲ್ಲಿ ಅದು ನನ್ನ ಮೊದಲ ಅಂದಾಜು.

ಔರಾದಿನಲ್ಲಿ ಇಳಿದಾಗ ಬಸ್ ಸ್ಟ್ಯಾಂಡಿನ ಹೊರಗೆ ಲಾರಿಗಳು ನಿಂತಿದ್ದವು. ಎಕಂಬಾ ಕಡೆಯ ಜನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಟಿದ್ದರು. ಅವರನ್ನು ಕೂಡಿಸಿ ಒಯ್ಯುವ ಮುಕಾದಮ ಕಾಶೀರಾಮ ಹೆಸರು ಕೂಗಿ ಹತ್ತಿಸುತ್ತಿದ್ದ. ಪಕ್ಕದ ಬೇವಿನ ಕೆಳಗೆ ಜ್ಞಾನಮ್ಮ ಹೊರಟ ಮಕ್ಕಳ ಬಾಯಿಗೆ ಪೋಲಿಯೋ ಹನಿ ಹಾಕುತ್ತ, ತಾಯಂದಿರಿಗೆ ಜ್ವರದ ಗುಳಿಗೆ ಕಟ್ಟಿಕೊಡುತ್ತ ಕುಳಿತಿದ್ದಳು.

ಹತ್ತಿರ ಹೋಗಿ, ಕೆಲಸವಾಯಿತು, ಮುಂಬಯಿ ಎಂದೆ. ಅವಳು ತಲೆ ಎತ್ತುವ ಮೊದಲೇ ಮಾತು ಕಾಶೀರಾಮನ ಕಿವಿಗೆ ಬಿತ್ತು.

"ಮಾಸ್ತರ್ರೂ ಹೊಂಟ್ರೇನ್ರಿ? ಯಾವ ಮುಕಾದಮನ ಕೂಡ?"

ದತ್ತಾತ್ರಿ ಎಂದೆ. ಇನ್ನೇನು ಹೇಳಲಿ.

"ಉಚಲ್ ಎಷ್ಟ ಕೊಟ್ಟಾನ್ರಿ?"

ಉಚಲ್ ಎಂದರೆ ಹೊರಡುವ ಮೊದಲೇ ಮುಕಾದಮ ಕೈಗಿಡುವ ಮುಂಗಡ. ಏನೂ ಕೊಟ್ಟಿಲ್ಲ ಎಂದೆ. ಉಚಲ್ ಇಲ್ಲದೆ ಊರು ಬಿಡುವ ಮನುಷ್ಯನನ್ನು ನೋಡಲು ಲಾರಿಯ ಮೇಲಿದ್ದವರೆಲ್ಲ ಇಣುಕಿದರು. ಗಂಟಿನ ಮೇಲೆ ಕುಳಿತಿದ್ದ ಮುದುಕಿ ಕೌಸಲ್ಯಾಬಾಯಿ ಪಕ್ಕದವಳಿಗೆ, "ಭಾಳ ಕಲ್ತಾರಲ್ಲವಾ, ಅದಕ್ಕ ಯಾರೂ ಕೊಟ್ಟಿಲ್ಲ" ಎಂದು ಸಮಾಧಾನ ಹೇಳಿದಳು.

ಕಾಶೀರಾಮ ನನ್ನ ಮೆತ್ತಗಿನ ಕೈಗಳನ್ನು ನೋಡಿ ನಿಟ್ಟುಸಿರು ಬಿಟ್ಟ. "ಆತು ಬಿಡ್ರಿ. ಪೂರಾ ಕೊಯ್ತಾ ಏನ್ರಿ, ಅರ್ಧಾ?"

ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಆದರೆ ಆ ಕೆಲಸದಲ್ಲಿ ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ. ಅವನು ಕಡಿಯಬೇಕು, ಅವಳು ಹೊರೆ ಕಟ್ಟಿ ಹೊರಬೇಕು. ಒಂಟಿಯಾಗಿ ಬಂದವನು ಅರ್ಧ. ನಾನು ವಾರದಿಂದ ಮನೆಯಲ್ಲಿ ಕೆಮ್ಮಿ, ಉಗುಳು ನುಂಗಿ, ಸುತ್ತಿ ಬಳಸಿ ಮತ್ತೊಮ್ಮೆ ಕೇಳಬೇಕೆಂದಿದ್ದುದನ್ನು ಅವನು ಒಂದೇ ಮಾತಿಗೆ ಕೇಳಿಬಿಟ್ಟಿದ್ದ. ನಾನು ಜ್ಞಾನಮ್ಮನ ಕಡೆ ನೋಡಿದೆ. ಲಾರಿ ತುಂಬ ಜನ ಜ್ಞಾನಮ್ಮನ ಕಡೆ ನೋಡಿದರು. ಅವಳು ಕೈಯಲ್ಲಿದ್ದ ಕೂಸಿಗೆ ಹನಿ ಹಾಕಿ, ಬಾಯಿ ಒರೆಸಿ, ತಾಯಿಗೆ ಕೊಟ್ಟಳು.

"ಅರ್ಧಾ," ಎಂದಳು.

ನನ್ನ ತೊಂಬತ್ತೆರಡು ಅಲ್ಲೇ ಮಣ್ಣುಪಾಲಾಯಿತು.

"ಹಂಗಾದ್ರ ಇವರು ಕಡದದ್ದು ಕಟ್ಟೋರು ಯಾರ್ರಿ, ನರ್ಸಬಾಯಿ?"

"ಇಷ್ಟ ವರ್ಷದಾಗ ಇವರು ಏನ್ ಕಡದಾರಂತ ಕಟ್ಬೇಕಣ್ಣಾ?"

ಲಾರಿಗೆ ಲಾರಿಯೇ ನಕ್ಕಿತು. ಡ್ರೈವರ್ ನಕ್ಕ ರಭಸಕ್ಕೆ ಹಾರ್ನು ಒತ್ತಿಹೋಗಿ ಅರ್ಧ ಊರು ಕೂಡಿತು. ಜ್ಞಾನಮ್ಮ ನಗಲಿಲ್ಲ. ಜನ ತಮ್ಮ ಗಂಟುಮೂಟೆಗೆ ತಿರುಗಿದ ಮೇಲೆ ಮೆಲ್ಲಗೆ ಹೇಳಿದಳು:

"ಈ ಕೂಸುಗೋಳು ಯುಗಾದಿಗೆ ವಾಪಸ್ ಬರ್ತಾವ್ರಿ. ಕಬ್ಬಿನ ಹೊಲದಾಗ ಯಾವ ಕೂಸಿಗಿ ಜ್ವರಾ ಬಂದಿತ್ತು, ಯಾವುದರ ಸೂಜಿ ತಪ್ಪೇದ, ಅದೆಲ್ಲ ನಾ ನೋಡಬೇಕು. ನೋಡಿ ಬರ್ತೇನಿ. ಅಲ್ಲೀತನಾ ನೀವ್ ಅರ್ಧಾನೇ."

"ಬರ್ತಿ ಅಲ್ಲ ಮತ್ತ?"

"ಬರ್ತೇನಿ ಅಂದ್ನೆಲ್ರಿ. ಈಗ ಇದರ ಗಲ್ಲಾ ಹಿಡೀರಿ, ಬಾಯಿ ತೆಗೀವಲ್ತು."

ಹಿಡಿದೆ. ಅದು ಕಚ್ಚಿತು. ಲಾರಿಗಳು ಹೊರಡುವ ತನಕ ನಾನು, ಅಲೆಯುವ ಕಣಗಳ ಸಿದ್ಧಾಂತ ಬಲ್ಲವನು, ಅಲೆಯಲು ಹೊರಟ ಮಕ್ಕಳ ಗಲ್ಲ ಹಿಡಿದೆ. ಹತ್ತು ಬೆರಳಿನಲ್ಲಿ ಎಂಟು ಉಳಿದಿದ್ದವೆಂದು ನೆನಪು. ಹೊರಡುವಾಗ ಕಾಶೀರಾಮ, ಅರ್ಧ ಕೊಯ್ತಾಕ್ಕೆ ಬೇರೆ ಗುಡಿಸಲು ಸಿಗುವುದಿಲ್ಲ, ಹೋದ ಕೂಡಲೇ ಇನ್ನೊಂದು ಅರ್ಧವನ್ನು ಹುಡುಕಿಕೊಳ್ಳಿ ಎಂದು ಕಳಕಳಿಯಿಂದ ಹೇಳಿಹೋದ.

ಅವನು ಹೇಳಿದ ಹಾಗೆಯೇ ಆಯಿತು. ಕಂಪನಿಯ ತುಂಬ ಅರ್ಧ ಕೊಯ್ತಾಗಳೇ ಇದ್ದರು. ನನ್ನ ಪಾಲಿಗೆ ಬಂದವನು ನಕ್ಷತ್ರಗಳ ಅಧ್ಯಯನ ಬಿಟ್ಟು ಬಂದ ಒಬ್ಬ ಬಂಗಾಳಿ. ಒಂದೇ ಖೋಲಿಯಲ್ಲಿ ಇದ್ದೆವು. ಹಗಲೆಲ್ಲ ದೇಶದ ಬೆಲೆಗಳನ್ನು ಅಂದಾಜು ಮಾಡಿ ಬಂದ ನಮ್ಮಿಬ್ಬರಿಗೆ ಎರಡು ಹೊಟ್ಟೆಗೆ ಅಕ್ಕಿ ಎಷ್ಟು ಹಾಕಬೇಕೆಂಬುದು ಯುಗಾದಿಯ ತನಕ ಬಗೆಹರಿಯಲಿಲ್ಲ. ಒಂದು ಸಂಜೆ ಉಕ್ಕಿದ ಅನ್ನ ಮೆಟ್ಟಿಲಿಳಿದು ಹೋಗಿ ಕೆಳಗಿನ ಮನೆಯವರ ಊಟಕ್ಕೆ ಸಾಕಾಯಿತು.

ಯುಗಾದಿಗೆ ಲಾರಿಗಳು ಮರಳಿದವು. ಜ್ಞಾನಮ್ಮ ಮಕ್ಕಳನ್ನೆಲ್ಲ ನೋಡಿ ಮುಗಿಸಿ, ನೌಕರಿ ಬಿಟ್ಟು, ಹೇಳಿದಂತೆ ಬಂದಳು. ಬಂದವಳು ಒಂದು ಕರಾರು ಹಾಕಿದಳು: ಪ್ರತಿ ದಸರೆಗೆ, ಜನ ಹೊರಡುವ ಹೊತ್ತಿಗೆ, ತಾನು ಔರಾದಿನಲ್ಲಿರಬೇಕು. ಒಪ್ಪಿದೆ. ಮೊದಲ ವರ್ಷ ಅವಳು ಹೋದ ದಿನಗಳಲ್ಲಿ ನನ್ನ ಅಂದಾಜುಗಳು ಎಷ್ಟು ಹದಗೆಟ್ಟವೆಂದರೆ, ಸಾಹೇಬರು ಇಡೀ ಮುಂಬಯಿ ಬಜಾರಿಗೆ ರಜೆ ಕೇಳಿ ನೋಡಿದರು. ಬಜಾರಿನವರು ಒಪ್ಪದ್ದರಿಂದ ಮರುವರ್ಷದಿಂದ ರಜೆ ನನಗೇ ಕೊಟ್ಟರು.

ಅಂದಿನಿಂದ ಇಬ್ಬರೂ ಕೂಡಿಯೇ ಹೋಗುತ್ತೇವೆ. ಅವಳು ಮಕ್ಕಳನ್ನು ನೋಡುತ್ತಾಳೆ. ನಾನು ಹತ್ತಿರ ಕುಳಿತು ಲಾರಿ ಹತ್ತುವವರಿಗೆಲ್ಲ ಪರಸ್ಥಳದಲ್ಲಿ ಬಾಳುವ ಬಗೆ ವಿವರಿಸುತ್ತೇನೆ. ಯಾರೂ ಕೇಳುವುದಿಲ್ಲ.